ಹಳೆ ಬಯೋಸ್, ಹೊಸ ಯುಇಎಫ್ಐ, ಎರಡಕ್ಕೂ ಒಂದೇ ಇಮೇಜ್

ನಿನ್ನೆ ಸಂಜೆ ಇಪ್ಪತ್ತನೆಯ ಯಂತ್ರವೂ ಲಾಗಿನ್ ಪರದೆಗೆ ಬಂದು ನಿಂತಿತು. ಉಡುಪಿ ಹೊರವಲಯದ ಒಂದು ಕನ್ನಡ ಮಾಧ್ಯಮ ಶಾಲೆಯ ಕಂಪ್ಯೂಟರ್ ಲ್ಯಾಬ್ ಇದು. ಹಳೆಯ, ಹೊಸ ಯಂತ್ರಗಳೆಲ್ಲಕ್ಕೂ ಒಂದೇ ಲಿನಕ್ಸ್ ಇಮೇಜ್, ಅಂದರೆ ಡಿಸ್ಕಿಗೆ ಹಾಗೇ ಸುರಿಯಬಹುದಾದ ಸಿದ್ಧ ಪ್ರತಿ, ಹಾಕುವುದು ಕೆಲಸ. ಯಂತ್ರ ಆನ್ ಮಾಡಿದಾಗ ಮೊದಲು ಓಡಿ ಡಿಸ್ಕಿನಿಂದ ಆಪರೇಟಿಂಗ್ ಸಿಸ್ಟಮ್ಮನ್ನು ಎಬ್ಬಿಸುವುದು ಮದರ್‌ಬೋರ್ಡಿನ ಫರ್ಮ್‌ವೇರ್. ಬಯೋಸ್ ಅದರ ಹಳೆಯ ಬಗೆ, ಯುಇಎಫ್ಐ ಹೊಸದು. ಆಟಿ ತಿಂಗಳ ಮಳೆ ರಜೆಗಳಲ್ಲಿ ಲ್ಯಾಬ್ ಖಾಲಿ ಸಿಕ್ಕಿದ್ದರಿಂದ ಕೆಲಸ ಹಿಡಿದದ್ದು, ಮುಗಿಯುವಾಗ ಹನ್ನೊಂದು ದಿನ. ಎಲ್ಲ ಗೊತ್ತಿದ್ದು ಹೊರಟರೆ ಮೂರು ದಿನದ ಕೆಲಸ. ಮಿಕ್ಕ ಎಂಟು ದಿನ ಎಲ್ಲೆಲ್ಲಿ ಕಳೆದುಹೋಯಿತು ಎಂಬುದೇ ಈ ಬರಹದ ಮುಖ್ಯ ಭಾಗ.

ಯಂತ್ರಗಳು ಹೀಗಿದ್ದವು. ದಾನವಾಗಿ ಬಂದ ಕೋರ್ 2 ಡ್ಯುಯೋ ಡೆಸ್ಕ್‌ಟಾಪ್ ಒಂಬತ್ತು, ಇವುಗಳಲ್ಲಿ ಬರೀ ಬಯೋಸ್. ಎಚ್61 ಬೋರ್ಡಿನ ಮೂರನೇ ತಲೆಮಾರಿನ ಐ3 ಆರು, ಇವುಗಳಲ್ಲಿ ಯುಇಎಫ್ಐ ಉಂಟು, ಹಳೆ ಬಯೋಸಿನಂತೆ ನಟಿಸುವ ಸಿಎಸ್‌ಎಂ ಕೂಡ ಉಂಟು. ಎನ್100 ಚಿಪ್ಪಿನ ಮಿನಿ ಪಿಸಿ ನಾಲ್ಕು, ಇವು ಶುದ್ಧ ಯುಇಎಫ್ಐ. ಕೊನೆಯದು ಬೇ ಟ್ರೇಲ್ ಏಟಮ್ ಇರುವ ಪುಟ್ಟ ಲ್ಯಾಪ್‌ಟಾಪ್ ಒಂದು. ಇದೊಂದೇ ಮೂರು ಯಂತ್ರಗಳಷ್ಟು ಮಂಡೆಬಿಸಿ ಕೊಟ್ಟಿತು. ಇಪ್ಪತ್ತೊಂದನೆಯದಾಗಿ ಏಟಮ್ ಎನ್270ರ ನೆಟ್‌ಬುಕ್ ಇತ್ತು. ಅದು 32-ಬಿಟ್ ಮಾತ್ರ, ಹಾಗಾಗಿ ಮೊದಲ ದಿನವೇ ಬದಿಗಿಟ್ಟೆವು. 64-ಬಿಟ್ ಹೌದೋ ಅಲ್ಲವೋ ಎಂದು ಯಾವುದಾದರೂ ಲೈವ್ ಲಿನಕ್ಸ್ ಹಾಕಿ /ಪ್ರಾಕ್/ಸಿಪಿಯುಇನ್ಫೋ ಫೈಲಿನಲ್ಲಿ ‘ಎಲ್‌ಎಂ’ ಎಂಬ ಎರಡಕ್ಷರ ಇದೆಯೇ ನೋಡಿದರೆ ತಿಳಿಯುತ್ತದೆ. ಇದನ್ನು ಮೊದಲೇ ನೋಡಿಕೊಳ್ಳಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ ಲಿನಕ್ಸಿನ 13ನೇ ಆವೃತ್ತಿಯಲ್ಲಿ 32-ಬಿಟ್ ಪಿಸಿಗೆ ಕರ್ನಲ್ಲೂ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಇಲ್ಲ, ಇನ್‌ಸ್ಟಾಲರೂ ಇಲ್ಲ. ನಾವು ಆರಿಸಿಕೊಂಡದ್ದು ಅದನ್ನೇ, ಯಾಕೆಂದರೆ ಅದರ 64-ಬಿಟ್ ಕರ್ನಲ್ ಕೋರ್ 2 ಡ್ಯುಯೋದಿಂದ ಎನ್100ವರೆಗೆ ಎಲ್ಲದರಲ್ಲೂ ಓಡುತ್ತದೆ.

ಇನ್ನೊಂದು ಮಾತು. ಆದೇಶಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಮಾತ್ರ ಇಂಗ್ಲಿಷಿನಲ್ಲೇ ಹೊಡೆಯಬೇಕು.

ಎರಡು ಫರ್ಮ್‌ವೇರ್‌ಗಳು ಡಿಸ್ಕಿನಲ್ಲಿ ಏನನ್ನು ಹುಡುಕುತ್ತವೆ ಎಂಬುದು ತಲೆಗೆ ಹೋದರೆ ಅರ್ಧ ಕೆಲಸ ಆದಂತೆ. ಬಯೋಸ್‌ಗೆ ಫೈಲು, ಫೋಲ್ಡರು ಯಾವುದೂ ಗೊತ್ತಿಲ್ಲ. ಡಿಸ್ಕಿನ ಮೊದಲ ಸೆಕ್ಟರಿನ 512 ಬೈಟನ್ನು ಮೆಮೊರಿಗೆ ಎತ್ತಿಕೊಳ್ಳುತ್ತದೆ, ಕೊನೆಯ ಎರಡು ಬೈಟು ‘55 ಎಎ’ ಆಗಿದ್ದರೆ ಅದನ್ನು ಓಡಿಸುತ್ತದೆ. ಆ 512ರಲ್ಲಿ 64 ಬೈಟು ಪಾರ್ಟಿಷನ್ ಪಟ್ಟಿಗೆ ಹೋದ ಮೇಲೆ ಕೋಡಿಗೆ ಉಳಿಯುವುದು 440 ಚಿಲ್ಲರೆ. ಅಷ್ಟು ಜಾಗದಲ್ಲಿ ಇಡೀ ಗ್ರಬ್ (ಮೆನು ತೋರಿಸಿ ಕರ್ನಲ್ ಏರಿಸುವ ಬೂಟ್ ಲೋಡರ್) ಹಿಡಿಸುವುದಿಲ್ಲ. ಅಲ್ಲಿ ಕೂರುವುದು ಬೂಟ್.ಐಎಂಜಿ ಎಂಬ ಚೂರು ಮಾತ್ರ. ಅದು ಸೆಕ್ಟರ್ ನಂಬರು ಹಿಡಿದು ಕೋರ್.ಐಎಂಜಿ ಎಂಬ ಮುಂದಿನ ತುಂಡನ್ನು ಎಳೆದುಕೊಳ್ಳುತ್ತದೆ. ಯುಇಎಫ್ಐ ಈ ಮೊದಲ ಸೆಕ್ಟರಿನ ಕೋಡನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಫ್ಯಾಟ್ ಫೈಲ್ ಸಿಸ್ಟಮ್ ಓದಲು ಬರುತ್ತದೆ, ಇಎಸ್‌ಪಿ ಎಂದು ಗುರುತು ಹಾಕಿದ ಪಾರ್ಟಿಷನ್ನಿಗೆ ಹೋಗಿ ಅಲ್ಲಿನ ಫೈಲೊಂದನ್ನು ಓಡಿಸುತ್ತದೆ. ಯಾವ ಫೈಲು ಎಂಬುದು ಮದರ್‌ಬೋರ್ಡಿನ ಎನ್‌ವಿರಾಮ್ ನೆನಪಿನಲ್ಲಿ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಇಎಫ್ಐ/ಬೂಟ್ ಫೋಲ್ಡರಿನಲ್ಲಿ ಬೂಟ್‌ಎಕ್ಸ್64.ಇಎಫ್ಐ ಎಂಬ ಹೆಸರಿನದ್ದನ್ನು ಹುಡುಕುತ್ತದೆ.

ಅಂದರೆ ಇಬ್ಬರೂ ಒಂದೇ ಡಿಸ್ಕಿನ ಬೇರೆ ಬೇರೆ ಮೂಲೆಗಳಲ್ಲಿ ಕೈ ಹಾಕುವವರು, ಒಬ್ಬರ ಸಾಮಾನಿಗೆ ಇನ್ನೊಬ್ಬರು ಅಡ್ಡ ಬರುವುದಿಲ್ಲ. ಹಾಗಾಗಿ ಎರಡು ಇಮೇಜ್ ಮಾಡಿ, ಯಾವುದಕ್ಕೆ ಯಾವುದು ಎಂದು ಚೀಟಿ ಅಂಟಿಸಿಡುವ ಅಗತ್ಯವೇ ಇಲ್ಲ. ಒಂದೇ ಷರತ್ತು: ಮದರ್‌ಬೋರ್ಡಿನ ನೆನಪನ್ನು ನೆಚ್ಚಿಕೊಳ್ಳದೆ, ಬೂಟ್ ಆಗಲು ಬೇಕಾದದ್ದೆಲ್ಲ ಇಮೇಜಿನ ಒಳಗೇ ಇರಬೇಕು.

ಇಮೇಜ್ ಕಟ್ಟಿದ್ದು ಹೀಗೆ. ಟ್ರಂಕೇಟ್ ಆದೇಶದಿಂದ 12 ಜಿಬಿಯ ಖಾಲಿ ಫೈಲು. ಅದಕ್ಕೆ ಎಸ್‌ಜಿಡಿಸ್ಕ್‌ನಿಂದ ಜಿಪಿಟಿ ಎಂಬ ಹೊಸ ಮಾದರಿಯ ಪಾರ್ಟಿಷನ್ ಪಟ್ಟಿ, ಮೂರು ಪಾರ್ಟಿಷನ್. ಮೊದಲನೆಯದು 2048ನೇ ಸೆಕ್ಟರಿನಿಂದ 4095ರವರೆಗೆ, ಅಂದರೆ 1 ಎಂಬಿ, ಕೋಡ್ ಇಎಫ್02. ಇದರಲ್ಲಿ ಯಾವ ಫೈಲ್ ಸಿಸ್ಟಮ್ಮೂ ಬೇಡ, ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಬಯೋಸ್ ದಾರಿಯ ಕೋರ್.ಐಎಂಜಿಗೆ ಕೂರುವ ಜಾಗ ಅದು. ಎರಡನೆಯದು 300 ಎಂಬಿ, ಕೋಡ್ ಇಎಫ್00, ಫ್ಯಾಟ್32, ಯುಇಎಫ್ಐ ಹುಡುಕುವ ಇಎಸ್‌ಪಿ ಇದೇ. ನೂರು ಎಂಬಿ ಸಾಕಲ್ಲ ಎಂದು ಕೆಲವರು ಹೇಳುತ್ತಾರೆ. 512 ಬೈಟಿನ ಸೆಕ್ಟರಿಗೆ ಸಾಕು, ಆದರೆ 4ಕೆ ಸೆಕ್ಟರಿನ ಡಿಸ್ಕಿನಲ್ಲಿ ಫ್ಯಾಟ್32ಗೆ 260 ಎಂಬಿಯಾದರೂ ಬೇಕು. ಮೂರನೆಯದು ಉಳಿದ ಜಾಗವೆಲ್ಲ, ಕೋಡ್ 8300, ಎಕ್ಸ್‌ಟ್4. ಹಳೆಯ ಆವೃತ್ತಿ ಹಾಕುವವರು ಇಲ್ಲಿ ಎಚ್ಚರ. ಇ2ಎಫ್‌ಎಸ್‌ಪ್ರಾಗ್ಸ್ 1.47ರಿಂದ ಎಕ್ಸ್‌ಟ್4ಕ್ಕೆ ಮೆಟಾಡೇಟಾ_ಸಿಸಮ್_ಸೀಡ್ ಎಂಬ ಗುಣ ತಾನಾಗಿ ಸೇರಿಕೊಳ್ಳುವುದುಂಟು, ಗ್ರಬ್ 2.06ಕ್ಕೆ ಅದು ಓದಲು ಬರುವುದಿಲ್ಲ. ‘ಅನ್‌ನೋನ್ ಫೈಲ್‌ಸಿಸ್ಟಮ್’ ಎಂದು ಕೈಯೆತ್ತುತ್ತದೆ. ಫಾರ್ಮ್ಯಾಟ್ ಮಾಡುವಾಗಲೇ ಆ ಗುಣವನ್ನು ತೆಗೆದು ಹಾಕಬೇಕು.

ಆಮೇಲೆ ಲೋಸೆಟಪ್ -ಎಫ್ -ಪಿ ಎಂದು ಫೈಲನ್ನು ಲೂಪ್ ಡಿಸ್ಕಾಗಿ ಹಚ್ಚಿ (ಎಫ್ ಸಣ್ಣಕ್ಷರ, ಪಿ ದೊಡ್ಡಕ್ಷರ, ಪಿ ಮರೆತರೆ ಪಾರ್ಟಿಷನ್‌ಗಳು ಕಾಣುವುದೇ ಇಲ್ಲ), ಮೂರನೆಯದನ್ನು /ಎಂಎನ್‌ಟಿಗೆ, ಎರಡನೆಯದನ್ನು ಅದರೊಳಗಿನ /ಬೂಟ್/ಇಎಫ್ಐಗೆ ಮೌಂಟ್ ಮಾಡಿ, ಡಿಬೂಟ್‌ಸ್ಟ್ರಾಪ್ ಓಡಿಸಿದ್ದಾಯಿತು. /ಡೆವ್, /ಪ್ರಾಕ್, /ಸಿಸ್ ಮೂರನ್ನೂ ಬೈಂಡ್ ಮೌಂಟ್ ಮಾಡಿಯೇ ಕ್ರೂಟ್ (ಇಮೇಜನ್ನೇ ಇಡೀ ಸಿಸ್ಟಮ್ ಎಂದು ಕಾಣಿಸುವ ವ್ಯವಸ್ಥೆ) ಒಳಗೆ ಹೋಗಬೇಕು. /ಡೆವ್ ಸರಿಯಾಗಿ ಮೌಂಟ್ ಆಗದಿದ್ದರೆ ಅಪ್‌ಡೇಟ್-ಗ್ರಬ್‌ಗೆ ಡಿಸ್ಕಿನ ಯುಯುಐಡಿ (ಪ್ರತಿ ಫೈಲ್ ಸಿಸ್ಟಮ್ಮಿಗೂ ಕೊಡುವ ಗುರುತು ಸಂಖ್ಯೆ) ಕೊಂಡಿ ಕಾಣದೆ, ಕರ್ನಲ್ ಸಾಲಿನಲ್ಲಿ ‘ರೂಟ್=/ಡೆವ್/ಲೂಪ್0ಪಿ3’ ಎಂದು ಬರೆದುಬಿಡಬಹುದು. ಕಟ್ಟಿದ ಯಂತ್ರ ಬಿಟ್ಟು ಬೇರೆಲ್ಲೂ ಅಂಥ ಡಿಸ್ಕ್ ಇರುವುದಿಲ್ಲವಲ್ಲ. ಇಮೇಜ್ ಮುಚ್ಚುವ ಮೊದಲು ಗ್ರಬ್.ಸಿಎಫ್‌ಜಿ ತೆರೆದು ‘ಲೂಪ್’ ಎಂಬ ಪದ ಎಲ್ಲಾದರೂ ಉಂಟಾ ಎಂದು ಹುಡುಕಿ. ನಮ್ಮಲ್ಲಿ ಇತ್ತು, ಒಂದು ಮಧ್ಯಾಹ್ನ ಹೋಯಿತು.

ಪ್ಯಾಕೇಜಿನಲ್ಲೂ ಒಂದು ತೊಡಕು. ಗ್ರಬ್-ಪಿಸಿ ಮತ್ತು ಗ್ರಬ್-ಇಎಫ್ಐ-ಎಎಂಡಿ64 ಎರಡೂ ಒಟ್ಟಿಗೆ ಇರಲು ಒಪ್ಪುವುದಿಲ್ಲ, ಒಂದು ಬಂದರೆ ಇನ್ನೊಂದು ಹೊರಗೆ. ಎರಡೂ ಫರ್ಮ್‌ವೇರಿಗೆ ಒಂದೇ ಇಮೇಜ್ ಆಗುವುದಿಲ್ಲ ಎಂದು ಹಲವರು ಇಲ್ಲಿಗೇ ಕೈಬಿಡುತ್ತಾರೆ. ಹೆಸರಿನ ಕೊನೆಗೆ ‘-ಬಿನ್’ ಇರುವ ಪ್ಯಾಕೇಜುಗಳನ್ನು ಹಾಕಿದರೆ ಆಯಿತು: ಗ್ರಬ್-ಪಿಸಿ-ಬಿನ್, ಗ್ರಬ್-ಇಎಫ್ಐ-ಎಎಂಡಿ64-ಬಿನ್, ಗ್ರಬ್-ಇಎಫ್ಐ-ಐಎ32-ಬಿನ್, ಜೊತೆಗೆ ಗ್ರಬ್2-ಕಾಮನ್. ಇವುಗಳ ನಡುವೆ ಜಗಳವಿಲ್ಲ. ಬದಲಿಗೆ, ಅಪ್‌ಡೇಟ್ ಬಂದಾಗ ಗ್ರಬ್ ತಾನಾಗಿ ಡಿಸ್ಕಿಗೆ ಬರೆದುಕೊಳ್ಳುವುದಿಲ್ಲ, ಅದನ್ನು ಕೈಯಿಂದ ಮಾಡಬೇಕು.

ಗ್ರಬ್-ಇನ್‌ಸ್ಟಾಲ್ ಮೂರು ಸಲ ಓಡಿಸಬೇಕು. ಮೊದಲ ಸಲ ಟಾರ್ಗೆಟ್ ಐ386-ಪಿಸಿ, ಕೊನೆಯಲ್ಲಿ /ಡೆವ್/ಲೂಪ್0. ಇಡೀ ಡಿಸ್ಕಿನ ಹೆಸರು ಕೊಡಬೇಕು, ಪಾರ್ಟಿಷನ್ನಿನದ್ದಲ್ಲ. ಎರಡನೆಯ ಸಲ ಟಾರ್ಗೆಟ್ ಎಕ್ಸ್86_64-ಇಎಫ್ಐ, ಮೂರನೆಯ ಸಲ ಐ386-ಇಎಫ್ಐ. ಈ ಎರಡಕ್ಕೂ ಇಎಫ್ಐ-ಡೈರೆಕ್ಟರಿ ತೋರಿಸಿ, ತಪ್ಪದೆ ‘--ರಿಮೂವಬಲ್’ ಸೇರಿಸಬೇಕು. ಆ ಒಂದು ಪದ ಎರಡು ಕೆಲಸ ಮಾಡುತ್ತದೆ. ಫೈಲನ್ನು ಇಎಫ್ಐ/ಬೂಟ್ ಫೋಲ್ಡರಿನಲ್ಲಿ ಎಲ್ಲರೂ ಹುಡುಕುವ ಹೆಸರಿನಲ್ಲೇ ಇಡುತ್ತದೆ, ಮತ್ತು ನೀವು ಇಮೇಜ್ ಕಟ್ಟುತ್ತಿರುವ ಯಂತ್ರದ ಎನ್‌ವಿರಾಮ್‌ಗೆ ಕೈ ಹಾಕುವುದಿಲ್ಲ. ಮೂರೂ ಮುಗಿದ ಮೇಲೆ /ಬೂಟ್/ಗ್ರಬ್ ಒಳಗೆ ಐ386-ಪಿಸಿ, ಐ386-ಇಎಫ್ಐ, ಎಕ್ಸ್86_64-ಇಎಫ್ಐ ಎಂದು ಮೂರು ಫೋಲ್ಡರು ಅಕ್ಕಪಕ್ಕ ಕೂತಿರುತ್ತವೆ, ಗ್ರಬ್.ಸಿಎಫ್‌ಜಿ ಮಾತ್ರ ಒಂದೇ. ಯಾವ ದಾರಿಯಲ್ಲಿ ಬಂದರೂ ಓದುವುದು ಆ ಒಂದೇ ಫೈಲು, ಸಿಗುವುದು ಅದೇ ಮೆನು, ಏರುವುದು ಅದೇ ಕರ್ನಲ್.

ಇನಿಟ್‌ರಾಮ್‌ಎಫ್‌ಎಸ್ (ಡಿಸ್ಕ್ ಸಿಗುವವರೆಗೆ ಬೇಕಾದ ಡ್ರೈವರುಗಳನ್ನು ಕರ್ನಲ್ ಜೊತೆ ಏರಿಸುವ ಗಂಟು) ಬಗ್ಗೆ ಒಂದು ತಪ್ಪು ಒಪ್ಪಿಕೊಳ್ಳಲೇಬೇಕು. ಇಮೇಜ್ ಚಿಕ್ಕದಾಗಲಿ ಎಂದು ಇನಿಟ್‌ರಾಮ್‌ಎಫ್‌ಎಸ್.ಕಾನ್ಫ್ ಫೈಲಿನಲ್ಲಿ ಮಾಡ್ಯೂಲ್ಸ್ ಎಂಬಲ್ಲಿ ‘ಮೋಸ್ಟ್’ ತೆಗೆದು ‘ಡೆಪ್’ ಮಾಡಿದ್ದೆವು. ಡೆಪ್ ಅಂದರೆ ಕಟ್ಟುವ ಯಂತ್ರಕ್ಕೆ ಬೇಕಾದ ಡ್ರೈವರ್ ಮಾತ್ರ. ಕೆಲವು ಎಂಬಿ ಉಳಿಯಿತು. ಎನ್100ನಲ್ಲಿ ಎನ್‌ವಿಎಂಇ ಡಿಸ್ಕ್ ಕಾಣದೆ ‘ಅಲರ್ಟ್! ಯುಯುಐಡಿ ಡಸ್ ನಾಟ್ ಎಕ್ಸಿಸ್ಟ್’ ಎಂದು ಅರಚಿ ಬರೀ ಪ್ರಾಂಪ್ಟಿಗೆ ಬಂದು ಕೂತಿತು. ಗ್ರಬ್ ಮೆನು ದಾಟಿ ಬಂದ ಮೇಲೆ ಈ ಸಂದೇಶ ಕಂಡರೆ ತಪ್ಪು ಫರ್ಮ್‌ವೇರಿನದ್ದೂ ಅಲ್ಲ, ಗ್ರಬ್ಬಿನದ್ದೂ ಅಲ್ಲ, ಡ್ರೈವರಿನದ್ದು. ಮೋಸ್ಟ್ ಇದ್ದದ್ದು ಮೋಸ್ಟ್ ಆಗಿಯೇ ಇರಲಿ.

ಇಷ್ಟಾದ ಮೇಲೆ ಕ್ಯೂಇಎಂಯು ಎಂಬ ಸಾಫ್ಟ್‌ವೇರಿನ ನಕಲಿ ಯಂತ್ರದಲ್ಲಿ ಪರೀಕ್ಷೆ. ಏನೂ ಹೇಳದೆ ಓಡಿಸಿದರೆ ಅದು ಸೀಬಯೋಸ್, ಅಂದರೆ ಹಳೆ ದಾರಿ. ಒವಿಎಂಎಫ್ ಪ್ಯಾಕೇಜಿನ ಎರಡು ಫೈಲು ಕೊಟ್ಟರೆ ಯುಇಎಫ್ಐ ದಾರಿ. ‘-ಸ್ನ್ಯಾಪ್‌ಶಾಟ್’ ಸೇರಿಸಿದರೆ ಪರೀಕ್ಷೆಯ ಗುರುತು ಇಮೇಜಿನಲ್ಲಿ ಉಳಿಯುವುದಿಲ್ಲ. ಒವಿಎಂಎಫ್‌ನ ವೇರಿಯಬಲ್ ಫೈಲನ್ನು ಪ್ರತಿ ಸಲ ಹೊಸದಾಗಿ ಕಾಪಿ ಮಾಡಿಕೊಳ್ಳಿ. ಹಳೆಯದನ್ನೇ ಬಳಸಿದರೆ ಹಿಂದಿನ ಸಲದ ಬೂಟ್ ದಾರಿ ಅದರಲ್ಲಿ ನೆನಪಿರುತ್ತದೆ, ಬೂಟ್‌ಎಕ್ಸ್64.ಇಎಫ್ಐ ಇಲ್ಲದಿದ್ದರೂ ಇದ್ದ ಹಾಗೆ ತೋರಬಹುದು. ಎರಡೂ ದಾರಿಯಲ್ಲಿ ಸಲೀಸಾಗಿ ಬೂಟ್ ಆಯಿತು. ಒಳಗೆ ಬಂದ ಮೇಲೆ /ಸಿಸ್/ಫರ್ಮ್‌ವೇರ್/ಇಎಫ್ಐ ಎಂಬ ಫೋಲ್ಡರ್ ಇದ್ದರೆ ಯುಇಎಫ್ಐ ದಾರಿಯಲ್ಲಿ ಬಂದದ್ದು, ಇಲ್ಲದಿದ್ದರೆ ಬಯೋಸ್. ನಾಲ್ಕನೆಯ ದಿನಕ್ಕೆ ಕೆಲಸ ಮುಗಿಯಿತು ಎಂದುಕೊಂಡು ಲ್ಯಾಬಿಗೆ ಹೊರಟದ್ದು.

ಅಲ್ಲಿ ಒಂಬತ್ತು ಕೋರ್ 2 ಡ್ಯುಯೋಗಳಲ್ಲಿ ಐದು ಬೂಟ್ ಆದವು. ನಾಲ್ಕರಲ್ಲಿ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂಬ ಹಳೆಯ ಪಲ್ಲವಿ. ಡಿಸ್ಕ್ ಬದಲಿಸಿ ನೋಡಿದೆವು, ಸಾಟಾ ಕೇಬಲ್ ಬದಲಿಸಿದೆವು, ಕರಾವಳಿಯ ತೇವಕ್ಕೆ ಕಪ್ಪಾದ ರ‍್ಯಾಮ್ ಕಡ್ಡಿಯ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿಯೂ ಆಯಿತು. ಏನೂ ಆಗಲಿಲ್ಲ. ಅದೇ ಡಿಸ್ಕ್ ಪಕ್ಕದ ಯಂತ್ರದಲ್ಲಿ ಬೂಟ್ ಆಗುತ್ತಿತ್ತು.

ಕಾರಣ ಒಂದೇ ಒಂದು ಬೈಟು. ಜಿಪಿಟಿ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಹಳೆಯ ಮಾದರಿಯ ಒಂದು ಕಾವಲು ಪಟ್ಟಿ ಇರುತ್ತದೆ. ಇಡೀ ಡಿಸ್ಕನ್ನು ಇಇ ಎಂಬ ಜಾತಿಯ ಒಂದೇ ಪಾರ್ಟಿಷನ್ ಎಂದು ತೋರಿಸಿ, ಹಳೆಯ ಸಾಫ್ಟ್‌ವೇರ್ ಮುಟ್ಟದಂತೆ ನೋಡಿಕೊಳ್ಳುವುದಕ್ಕೆ. ಅದಕ್ಕೆ ‘ಆಕ್ಟಿವ್’ ಗುರುತು ಇರುವುದಿಲ್ಲ. ಬಯೋಸ್ ನಿಜವಾಗಿ ನೋಡಬೇಕಾದದ್ದು 55 ಎಎ ಮಾತ್ರ. ಆದರೆ ಕೆಲವು ಬಯೋಸ್‌ಗಳು ತಮ್ಮ ಕೆಲಸವಲ್ಲದಿದ್ದರೂ ಪಟ್ಟಿಯಲ್ಲಿ ಆಕ್ಟಿವ್ ಪಾರ್ಟಿಷನ್ ಉಂಟಾ ಎಂದು ಇಣುಕುತ್ತವೆ, ಇಲ್ಲದಿದ್ದರೆ ಡಿಸ್ಕೇ ಇಲ್ಲ ಎನ್ನುತ್ತವೆ. ಸೀಬಯೋಸ್‌ಗೆ ಈ ಚಾಳಿ ಇಲ್ಲ. ಹಾಗಾಗಿಯೇ ಕ್ಯೂಇಎಂಯುನಲ್ಲಿ ಗೊತ್ತಾಗಲಿಲ್ಲ.

ಪರಿಹಾರ ಒಂದು ಸಾಲು: ಪಾರ್ಟೆಡ್‌ನಲ್ಲಿ ‘ಡಿಸ್ಕ್_ಸೆಟ್ ಪಿಎಂಬಿಆರ್_ಬೂಟ್ ಆನ್’. ಹೆಕ್ಸ್‌ಡಂಪ್‌ನಲ್ಲಿ ಮೊದಲ ಸೆಕ್ಟರ್ ತೆರೆದರೆ ಎಣಿಕೆಯ 446ನೇ ಸ್ಥಾನದಲ್ಲಿ 00 ಇದ್ದದ್ದು 80 ಆಗಿರುತ್ತದೆ, ನಾಲ್ಕು ಬೈಟು ಮುಂದೆ ಇಇ, ಕೊನೆಗೆ 55 ಎಎ. ಹೊಸ ಯಂತ್ರಕ್ಕೆ ಇದರಿಂದ ತೊಂದರೆಯೇ ಎಂದು ಕೇಳಿದರೆ, ಯುಇಎಫ್ಐ ಆ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದೇ ಅದರ ನಿಯಮ ಹೇಳುತ್ತದೆ, ನಮ್ಮ ಎಚ್61ಕ್ಕೂ ಎನ್100ಗೂ ಏನೂ ಆಗಲಿಲ್ಲ. ನಾಲ್ಕೂ ಯಂತ್ರಗಳು ಮರುಕ್ಷಣ ಎದ್ದವು. ಇದೊಂದಕ್ಕೇ ಎರಡೂವರೆ ದಿನ ಹೋಯಿತು ಮಾರಾಯ್ರೆ.

ಹಳೆ ಯಂತ್ರ ಎಲ್ಲಿ ನಿಂತಿತು ಎಂದು ಪರದೆಯೇ ಹೇಳುತ್ತದೆ, ಓದಲು ಗೊತ್ತಿರಬೇಕು ಅಷ್ಟೆ. ‘ಗ್ರಬ್’ ಎಂಬ ಪದವೇ ಬರದಿದ್ದರೆ ಬಯೋಸ್ ಮೊದಲ ಸೆಕ್ಟರನ್ನು ಓಡಿಸಿಯೇ ಇಲ್ಲ. ‘ಗ್ರಬ್’ ಬಂದು ಅಲ್ಲೇ ನಿಂತರೆ, ಅಥವಾ ಪಕ್ಕದಲ್ಲಿ ‘ರೀಡ್ ಎರರ್’ ಎಂದರೆ, ಕೋರ್.ಐಎಂಜಿಯನ್ನು ಡಿಸ್ಕಿನಿಂದ ಓದಲಾಗುತ್ತಿಲ್ಲ. ‘ಗ್ರಬ್ ರೆಸ್ಕ್ಯೂ’ ಪ್ರಾಂಪ್ಟ್ ಬಂದರೆ ಕೋರ್ ಬಂದಿದೆ, /ಬೂಟ್/ಗ್ರಬ್ ಸಿಕ್ಕಿಲ್ಲ. ಮೆನು ಬರುವ ಹೊತ್ತಿಗೆ ಹಳೆಯ ಮಾನಿಟರ್ ‘ಔಟ್ ಆಫ್ ರೇಂಜ್’ ಎಂದರೆ ಗ್ರಬ್_ಜಿಎಫ್‌ಎಕ್ಸ್‌ಮೋಡ್ ಅನ್ನು 1024×768ಕ್ಕೆ ಇಳಿಸಿ.

ಪೆನ್‌ಡ್ರೈವಿನಿಂದ ಬೂಟ್ ಮಾಡುವಾಗ ಈ ಹಳೆ ಬಯೋಸ್‌ಗಳು ಅದನ್ನು ‘ರಿಮೂವಬಲ್’ ಪಟ್ಟಿಯಲ್ಲಿ ತೋರಿಸುವುದಿಲ್ಲ, ‘ಹಾರ್ಡ್ ಡಿಸ್ಕ್ ಡ್ರೈವ್ಸ್’ ಎಂಬ ಒಳಪಟ್ಟಿಯಲ್ಲಿ ಎರಡನೆಯದಾಗಿ ಅಡಗಿರುತ್ತದೆ. ಅದನ್ನು ಮೇಲೆ ತಂದರೆ ಮಾತ್ರ ಬೂಟ್.

ಎಚ್61ಗಳ ಬಗ್ಗೆ ಹೇಳುವಂಥದ್ದು ಕಡಿಮೆ. ಬೂಟ್ ಮೆನುವಿನಲ್ಲಿ ಒಂದೇ ಡಿಸ್ಕ್ ಎರಡು ಸಲ ಕಾಣಿಸುತ್ತದೆ, ಒಂದರ ಮುಂದೆ ‘ಯುಇಎಫ್ಐ:’ ಎಂದು, ಇನ್ನೊಂದು ಬರೀ ಹೆಸರು. ಎರಡರಲ್ಲೂ ಬಂತು. ‘ಯುಇಎಫ್ಐ:’ ಇರುವುದನ್ನು ಆರಿಸಿ ಸಿಎಸ್‌ಎಂ ಮುಚ್ಚಿಬಿಟ್ಟರೆ ಮುಂದೆ ಗೊಂದಲವಿಲ್ಲ.

ಎನ್100ಗಳಲ್ಲಿ ಎರಡು ಸಂಗತಿ. ಮೊದಲನೆಯದು ಸೆಕ್ಯೂರ್ ಬೂಟ್, ಅಂದರೆ ನಂಬಿಕೆಯ ಸಹಿ ಇಲ್ಲದ ಬೂಟ್ ಫೈಲನ್ನು ಓಡಿಸಲು ಬಿಡದ ಫರ್ಮ್‌ವೇರ್ ಕಾವಲು. ಅದನ್ನು ಆಫ್ ಮಾಡಿ ಇಡಬಹುದಿತ್ತು, ಆದರೆ ಸೆಟಪ್ ರೀಸೆಟ್ ಆದ ದಿನ ಮತ್ತೆ ಯಾರೋ ಫೋನ್ ಮಾಡಬೇಕಾಗುತ್ತದೆ. ಸಹಿ ಇರುವ ಫೈಲುಗಳನ್ನೇ ಇಡುವುದು ಉತ್ತಮ. ಶಿಮ್-ಸೈನ್ಡ್ (ಶಿಮ್ ಅಂದರೆ ಫರ್ಮ್‌ವೇರಿಗೂ ಗ್ರಬ್ಬಿಗೂ ನಡುವೆ ಓಡುವ ಪುಟ್ಟ ಲೋಡರ್) ಮತ್ತು ಗ್ರಬ್-ಇಎಫ್ಐ-ಎಎಂಡಿ64-ಸೈನ್ಡ್ ಪ್ಯಾಕೇಜು ಹಾಕಿ, ಶಿಮ್‌ಎಕ್ಸ್64 ಫೈಲನ್ನು ಬೂಟ್‌ಎಕ್ಸ್64.ಇಎಫ್ಐ ಎಂಬ ಹೆಸರಿನಲ್ಲಿ ಇಎಫ್ಐ/ಬೂಟ್‌ಗೆ, ಸಹಿಯ ಗ್ರಬ್ಬನ್ನು ಅದರ ಪಕ್ಕದಲ್ಲೇ ಗ್ರಬ್‌ಎಕ್ಸ್64.ಇಎಫ್ಐ ಎಂದು ಕಾಪಿ ಮಾಡಿದೆವು. ಬೂಟ್ ಆಯಿತು, ಆದರೆ ಮೆನು ಇಲ್ಲ, ಬರೀ ಗ್ರಬ್ ಪ್ರಾಂಪ್ಟ್. ಸಹಿ ಮಾಡಿದ ಗ್ರಬ್ಬಿನ ಒಳಗೆ ಅದರ ಸೆಟ್ಟಿಂಗ್ ಹುಡುಕುವ ಜಾಗ ಮೊದಲೇ ಕೊರೆದಿರುತ್ತದೆ: ಇಎಫ್ಐ/ಡೆಬಿಯನ್. ಆ ಹೆಸರಿನ ಫೋಲ್ಡರ್ ಮಾಡಿ ಅಲ್ಲೊಂದು ಪುಟ್ಟ ಗ್ರಬ್.ಸಿಎಫ್‌ಜಿ ಇಡಬೇಕು. ಮೂರೇ ಸಾಲು: ಮೂರನೇ ಪಾರ್ಟಿಷನ್ನಿನ ಯುಯುಐಡಿ ಹಿಡಿದು ರೂಟ್ ಹುಡುಕು, ಪ್ರಿಫಿಕ್ಸ್ ಅನ್ನು ಅದರೊಳಗಿನ /ಬೂಟ್/ಗ್ರಬ್ ಎಂದು ಇಟ್ಟುಕೋ, ಅಲ್ಲಿನ ಗ್ರಬ್.ಸಿಎಫ್‌ಜಿ ಓದು. ಎಫ್‌ಬಿಎಕ್ಸ್64.ಇಎಫ್ಐ ಎಂಬ ಫೈಲನ್ನು ಮಾತ್ರ ಇಎಫ್ಐ/ಬೂಟ್‌ನಲ್ಲಿ ಇಡಬೇಡಿ. ಅದು ಇದ್ದರೆ ಶಿಮ್ ನೇರ ಗ್ರಬ್ಬಿಗೆ ಹೋಗದೆ ಎನ್‌ವಿರಾಮ್‌ನಲ್ಲಿ ಹೊಸ ದಾಖಲೆ ಬರೆಯಲು ಹೊರಡುತ್ತದೆ.

ಇದಕ್ಕೆ ಸೇರಿದ್ದೇ ಇನ್ನೊಂದು ವಿಷಯ. ಶಿಮ್ ಮೇಲಿನ ಸಹಿ ಮೈಕ್ರೋಸಾಫ್ಟಿನದ್ದು. ಅದರ 2011ರ ಯುಇಎಫ್ಐ ಪ್ರಮಾಣಪತ್ರದ ಅವಧಿ 2026ರ ಜೂನ್‌ವರೆಗೆ, ಬದಲಿಗೆ ಬಂದದ್ದು 2023ರದ್ದು. ಹೊಸ ಪ್ರಮಾಣಪತ್ರದ ಸಹಿ ಮಾತ್ರ ಇರುವ ಶಿಮ್, ಅದನ್ನು ಅರಿಯದ ಫರ್ಮ್‌ವೇರಿನಲ್ಲಿ ಓಡುವುದಿಲ್ಲ. ಸಹಿ ಸರಿಯಿದ್ದೂ ತಿರಸ್ಕರಿಸುತ್ತಿದ್ದರೆ ಮೊದಲು ಫರ್ಮ್‌ವೇರ್ ಅಪ್‌ಡೇಟ್ ಉಂಟಾ ನೋಡಿ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಮೂರನೆಯವರ ಪ್ರಮಾಣಪತ್ರವನ್ನು ಸೆಟಪ್ಪಿನಲ್ಲೇ ಮುಚ್ಚಿಟ್ಟಿರುತ್ತಾರೆ, ಅದನ್ನು ತೆರೆಯಬೇಕು.

ಎರಡನೆಯ ಸಂಗತಿ, ಒಂದು ಎನ್100 ಪೆನ್‌ಡ್ರೈವಿನ ಬೂಟ್‌ಎಕ್ಸ್64 ಅನ್ನು ಒಪ್ಪಿ, ಅದೇ ಫೈಲು ಒಳಗಿನ ಡಿಸ್ಕಿನಲ್ಲಿದ್ದರೆ ಒಪ್ಪದೆ ಕೂತದ್ದು. ಒಳ ಡಿಸ್ಕಿನಲ್ಲಿ ಎನ್‌ವಿರಾಮ್ ದಾಖಲೆ ಇದ್ದರೆ ಮಾತ್ರ ನೋಡುವ ಫರ್ಮ್‌ವೇರ್‌ಗಳು ಇವೆ. ಪೆನ್‌ಡ್ರೈವಿನಿಂದ ಯುಇಎಫ್ಐ ದಾರಿಯಲ್ಲೇ ಬೂಟ್ ಮಾಡಿ, ಇಎಫ್ಐಬೂಟ್‌ಎಂಜಿಆರ್‌ಗೆ ಡಿಸ್ಕ್ /ಡೆವ್/ಎನ್‌ವಿಎಂಇ0ಎನ್1, ಪಾರ್ಟಿಷನ್ 2, ಲೋಡರ್ ಇಎಫ್ಐ\ಬೂಟ್\ಬೂಟ್‌ಎಕ್ಸ್64.ಇಎಫ್ಐ ಎಂದು ಹೇಳಿ ಒಂದು ದಾಖಲೆ ಬರೆಸಿದ ಮೇಲೆ ಸರಿಹೋಯಿತು. ಪಾರ್ಟಿಷನ್ ನಂಬರು ಹೇಳದಿದ್ದರೆ ಅದು 1 ಎಂದುಕೊಳ್ಳುತ್ತದೆ, ನಮ್ಮಲ್ಲಿ 1 ಅಂದರೆ ಬಯೋಸಿನ ಜಾಗ.

ಬೇ ಟ್ರೇಲ್ ಲ್ಯಾಪ್‌ಟಾಪಿನ ಕತೆ ಬೇರೆ. ಚಿಪ್ಪು 64-ಬಿಟ್, ಫರ್ಮ್‌ವೇರ್ 32-ಬಿಟ್. ಸಿಎಸ್‌ಎಂ ಇಲ್ಲ, ಹಾಗಾಗಿ ಬಯೋಸ್ ದಾರಿಯೂ ಮುಚ್ಚಿದೆ. ಬೂಟ್‌ಎಕ್ಸ್64.ಇಎಫ್ಐ ಕಣ್ಣೆದುರಿಗಿದ್ದರೂ ಅದಕ್ಕೆ ಕಾಣುವುದಿಲ್ಲ. ಅದು ಹುಡುಕುವ ಹೆಸರು ಬೂಟ್‌ಐಎ32.ಇಎಫ್ಐ. ಗ್ರಬ್-ಇನ್‌ಸ್ಟಾಲ್ ಮೂರನೆಯ ಸಲ ಓಡಿಸಿದ್ದು ಇದಕ್ಕಾಗಿಯೇ. 32-ಬಿಟ್ ಫರ್ಮ್‌ವೇರ್ ಮೇಲೆ 64-ಬಿಟ್ ಕರ್ನಲ್ ಏರುವ ಸೌಕರ್ಯ ಲಿನಕ್ಸ್ 3.15ರಿಂದ ಉಂಟು, ಡೆಬಿಯನ್ ಕರ್ನಲ್ಲಿನಲ್ಲಿ ಅದು ಸೇರಿಯೇ ಬರುತ್ತದೆ. ಈ ಒಂದರಲ್ಲಿ ಸೆಕ್ಯೂರ್ ಬೂಟ್ ಮುಚ್ಚಲೇಬೇಕಾಯಿತು, ನಾವಿಟ್ಟ 32-ಬಿಟ್ ಗ್ರಬ್ಬಿಗೆ ಸಹಿ ಇಲ್ಲ. ಇಷ್ಟು ಗೊತ್ತಾಗುವ ಮುಂಚೆ ಮೂರು ಪೆನ್‌ಡ್ರೈವ್ ಬದಲಿಸಿಯಾಗಿತ್ತು.

ಇನ್ನು ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು. ಒಂಬತ್ತನೆಯ ದಿನ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರು ಫೋನ್ ಮಾಡಿದರು. “ಸರ್, ಪೆನ್‌ಡ್ರೈವ್ ತೆಗೆದ್ರೆ ಪರದೆ ಹಾಗೇ ಕಲ್ಲಾಗ್ತದೆ. ಎಂತ ಮಾಡೂದು?”

“ಡಿಸ್ಕಿಗೆ ಬರೆದಾಗಿದೆಯಲ್ಲ ಮೇಷ್ಟ್ರೆ, ಇನ್ನು ಪೆನ್‌ಡ್ರೈವ್ ಯಾಕೆ?”

“ಬರೆದಾಗಿ ರೀಸ್ಟಾರ್ಟ್ ಮಾಡಿದ್ದು. ತೆಗೀಲಿಕ್ಕೆ ಮರ್ತುಹೋಗಿತ್ತು.”

ಅಲ್ಲೇ ಸಿಕ್ಕಿತು. ಇಮೇಜನ್ನೇ ಪೆನ್‌ಡ್ರೈವಿಗೂ ಬರೆದು, ಅದರಿಂದ ಬೂಟ್ ಮಾಡಿ, ಅದೇ ಇಮೇಜನ್ನು ಒಳ ಡಿಸ್ಕಿಗೆ ಸುರಿದಿದ್ದೆವು. ಈಗ ಎರಡೂ ಡಿಸ್ಕಿನ ಯುಯುಐಡಿ ಒಂದೇ. ‘ಈ ಯುಯುಐಡಿಯ ರೂಟ್ ಕೊಡು’ ಎಂದು ಕರ್ನಲ್ ಕೇಳಿದಾಗ ಮೊದಲು ಸಿಕ್ಕಿದ್ದು ಯಾವುದೋ ಅದು. ಒಂದು ಯಂತ್ರ ಒಳ ಡಿಸ್ಕಿನಿಂದ ಹೊರಟು ಪೆನ್‌ಡ್ರೈವಿನಲ್ಲಿ ಓಡುತ್ತಿತ್ತು, ಇನ್ನೊಂದು ತಿರುಗಾಮುರುಗಾ. ಫೈಂಡ್‌ಎಂಎನ್‌ಟಿ ಆದೇಶಕ್ಕೆ ‘/’ ಕೊಟ್ಟು ನೋಡಿದರೆ ನಿಜವಾಗಿ ಯಾವ ಡಿಸ್ಕ್ ಎಂದು ತಿಳಿಯುತ್ತದೆ. ಟ್ಯೂನ್2ಎಫ್‌ಎಸ್‌ನಿಂದ ಯುಯುಐಡಿ ಬದಲಿಸಬಹುದು, ಆದರೆ ಆಮೇಲೆ ಎಫ್‌ಸ್ಟ್ಯಾಬ್, ಗ್ರಬ್.ಸಿಎಫ್‌ಜಿ, ಇಎಸ್‌ಪಿಯೊಳಗಿನ ಮೂರು ಸಾಲಿನ ಫೈಲು ಎಲ್ಲ ತಿದ್ದಿ ಗ್ರಬ್-ಇನ್‌ಸ್ಟಾಲ್ ಮತ್ತೆ ಮೂರು ಸಲ ಓಡಿಸಬೇಕು. ಅದಕ್ಕಿಂತ ಬರೆಯುವ ಕೆಲಸಕ್ಕೆ ಬೇರೆಯೇ ಲೈವ್ ಪೆನ್‌ಡ್ರೈವ್ ಇಟ್ಟುಕೊಳ್ಳುವುದು ಸುಲಭ. ಒಂದರಲ್ಲಿ ಡೆಬಿಯನ್ ಲೈವ್, ಇನ್ನೊಂದರಲ್ಲಿ ಝಡ್‌ಎಸ್‌ಟಿಡಿ ಮಾಡಿ ಕುಗ್ಗಿಸಿದ ಇಮೇಜ್ ಫೈಲು.

ಕುಗ್ಗಿಸಿದ ಮೇಲೆ 12 ಜಿಬಿಯ ಇಮೇಜ್ 2.6 ಜಿಬಿಗೆ ಬಂತು. ಮುಚ್ಚುವ ಮೊದಲು ಎಫ್‌ಎಸ್‌ಟ್ರಿಮ್ ಓಡಿಸಿದ್ದರಿಂದ ಅಳಿಸಿದ ಫೈಲುಗಳ ಕಸ ಅದರಲ್ಲಿ ಉಳಿಯಲಿಲ್ಲ. ಬರೆಯುವಾಗ ಬಿಚ್ಚುತ್ತಾ ನೇರ ಡಿಡಿಗೆ (ಡಿಸ್ಕಿಗೆ ಹಾಗೇ ಬರೆಯುವ ಆದೇಶ) ಪೈಪ್ ಮಾಡಿದರೆ ಕೋರ್ 2 ಡ್ಯುಯೋದ ಹಳೆ ಹಾರ್ಡ್ ಡಿಸ್ಕಿಗೂ ನಾಲ್ಕೈದು ನಿಮಿಷ ಸಾಕು. ಡಿಡಿ ಹೊಡೆಯುವ ಮೊದಲು ಎಲ್‌ಎಸ್‌ಬಿಎಲ್‌ಕೆ‌ನಲ್ಲಿ ಡಿಸ್ಕಿನ ಗಾತ್ರ, ಮಾಡೆಲ್ ಎರಡನ್ನೂ ಓದಿ. ಎಸ್‌ಡಿಎ ಇವತ್ತು ಹಾರ್ಡ್ ಡಿಸ್ಕ್, ನಾಳೆ ಪೆನ್‌ಡ್ರೈವ್.

ದೊಡ್ಡ ಡಿಸ್ಕಿಗೆ ಬರೆದ ಕೂಡಲೇ ಜಿಪಿಟಿಯ ಎರಡನೇ ಪ್ರತಿ ತಪ್ಪು ಜಾಗದಲ್ಲಿರುತ್ತದೆ. ಅದು ಡಿಸ್ಕಿನ ಕಟ್ಟಕಡೆಯಲ್ಲಿ ಇರಬೇಕು, ನಮ್ಮದು 12 ಜಿಬಿಯ ಹತ್ತಿರ ಕೂತಿರುತ್ತದೆ. ಎಸ್‌ಜಿಡಿಸ್ಕ್ -ಇ ಓಡಿಸಿದರೆ ಕೊನೆಗೆ ಹೋಗುತ್ತದೆ. ಆಮೇಲೆ ಮೂರನೇ ಪಾರ್ಟಿಷನ್ನನ್ನು ಉಳಿದ ಜಾಗಕ್ಕೆ ಹಿಗ್ಗಿಸಲು ಗ್ರೋಪಾರ್ಟ್, ರೀಸೈಝ್2ಎಫ್‌ಎಸ್. ಇದಾದ ಮೇಲೆ 446ನೇ ಬೈಟು ಇನ್ನೂ 80 ಇದೆಯೇ ಎಂದು ಇನ್ನೊಮ್ಮೆ ನೋಡುವುದು ಒಳ್ಳೆಯದು. ಇಮೇಜಿನೊಳಗೆ ಮೆಷಿನ್-ಐಡಿ ಫೈಲನ್ನು ಖಾಲಿ ಮಾಡಿರಬೇಕು, ಎಸ್‌ಎಸ್‌ಎಚ್ ಕೀಲಿಗಳನ್ನು ಅಳಿಸಿರಬೇಕು. ಇಲ್ಲದಿದ್ದರೆ ನೆಟ್‌ವರ್ಕಿನಲ್ಲಿ ಇಪ್ಪತ್ತು ಅವಳಿಗಳು ಹುಟ್ಟುತ್ತವೆ.

ಬೂಟ್ ಆದ ಮೇಲೂ ಆರು ಹಳೆ ಯಂತ್ರಗಳಲ್ಲಿ ಪ್ಯಾಕೇಜು ತರುವ ಎಪಿಟಿ ‘ರಿಲೀಸ್ ಫೈಲ್ ಇಸ್ ನಾಟ್ ವ್ಯಾಲಿಡ್ ಯೆಟ್’ ಎಂದಿತು, ಬ್ರೌಸರ್ ಯಾವ ಸೈಟನ್ನೂ ನಂಬಲಿಲ್ಲ. ಗಡಿಯಾರ 2009ಕ್ಕೆ ಹೋಗಿತ್ತು. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ. ಸತ್ತರೆ ದಿನಾಂಕ ಮಾತ್ರವಲ್ಲ, ಬೂಟ್ ಸರದಿಯೂ ಕರೆಂಟು ಹೋದಾಗೆಲ್ಲ ಮೊದಲಿನಂತಾಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ದಿನಕ್ಕೆಷ್ಟು ಸಲ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ಒಂಬತ್ತಕ್ಕೂ ಹೊಸ ಸೆಲ್ ಹಾಕಿದೆವು, ಒಂದಕ್ಕೆ 40 ರೂಪಾಯಿ. ಪೆನ್‌ಡ್ರೈವ್ ಎರಡು, ಸಾಟಾ ಕೇಬಲ್ ಎರಡು ಸೇರಿಸಿ ಇಡೀ ಕೆಲಸಕ್ಕೆ ಆದ ಖರ್ಚು 1,500 ರೂಪಾಯಿಯ ಒಳಗೆ.

ಕನ್ನಡ ಟೈಪಿಂಗಿಗೆ ಐಬಸ್-ಎಂ17ಎನ್ ಹಾಕಿ ಕೆಜಿಪಿ ಕೀಲಿಮಣೆ ವಿನ್ಯಾಸ ಇಟ್ಟದ್ದಾಯಿತು. ಅದರ ಮೂಲ ಕೆ.ಪಿ. ರಾವ್ ಅವರದ್ದು, ಮಂಗಳೂರು ಬಳಿಯ ಕಿನ್ನಿಕಂಬಳದವರು. ಇಮೇಜಿನಲ್ಲಿ ಯಾವ ಯಂತ್ರದಲ್ಲೂ ತಕರಾರು ಮಾಡದೆ ಮೊದಲ ಸಲಕ್ಕೇ ಕೆಲಸ ಮಾಡಿದ್ದು ಅದೊಂದೇ.

ಇನ್ನು ನಿರ್ವಹಣೆ. ಕರ್ನಲ್ ಅಪ್‌ಡೇಟ್ ಬಂದರೆ ಚಿಂತೆಯಿಲ್ಲ, ಒಂದೇ ಗ್ರಬ್.ಸಿಎಫ್‌ಜಿ ತಾನಾಗಿ ಹೊಸದಾಗುತ್ತದೆ. ಗ್ರಬ್ ಅಥವಾ ಶಿಮ್ ಅಪ್‌ಡೇಟ್ ಬಂದಾಗ ಮಾತ್ರ ಮೂರೂ ಗ್ರಬ್-ಇನ್‌ಸ್ಟಾಲ್ ಮತ್ತೆ ಓಡಿಸಿ, ಅದರ ನಂತರ ಸಹಿಯ ಎರಡು ಫೈಲುಗಳನ್ನು ಮತ್ತೆ ಕಾಪಿ ಮಾಡಬೇಕು. ಕ್ರಮ ತಿರುಗಿಸಿದರೆ ಗ್ರಬ್-ಇನ್‌ಸ್ಟಾಲ್ ನೀವಿಟ್ಟ ಶಿಮ್ಮಿನ ಮೇಲೆಯೇ ತನ್ನ ಬೂಟ್‌ಎಕ್ಸ್64 ಬರೆಯಬಹುದು. ಈ ಐದು ಹೆಜ್ಜೆಗಳನ್ನು ಒಂದು ಸ್ಕ್ರಿಪ್ಟ್ ಮಾಡಿ ಇಮೇಜಿನ /ಯುಎಸ್‌ಆರ್/ಲೋಕಲ್/ಎಸ್‌ಬಿನ್ ಒಳಗೆ ಇಟ್ಟಿದ್ದೇವೆ. ಸ್ಕ್ರಿಪ್ಟಿನಲ್ಲಿ ಡಿಸ್ಕಿನ ಹೆಸರು ಬರೆದಿಲ್ಲ, ಓಡಿಸುವವರೇ ಕೊಡಬೇಕು. ಕೋರ್ 2 ಡ್ಯುಯೋದಲ್ಲಿ ಎಸ್‌ಡಿಎ, ಎನ್100ನಲ್ಲಿ ಎನ್‌ವಿಎಂಇ0ಎನ್1, ಬೇ ಟ್ರೇಲಿನಲ್ಲಿ ಎಂಎಂಸಿಬಿಎಲ್‌ಕೆ ಎಂದು ಶುರುವಾಗುವ ಹೆಸರು.